ಅಸಿಟೇಟ್ ಬಫರ್: ಲೆಕ್ಕದ ಹಾಳೆಯಿಂದ ಬಾಟಲಿಯವರೆಗೆ

"ಬಫರ್ ಲೆಕ್ಕಕ್ಕೆ ಯಾವ ಸೂತ್ರ ಹಾಕಬೇಕು?" ಪಿಯುಸಿ ಓದುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಬಫರ್ ಎಂದರೆ ಸ್ವಲ್ಪ ಆಮ್ಲ ಅಥವಾ ಕ್ಷಾರ ಬಿದ್ದರೂ ಪಿಎಚ್ (ಆಮ್ಲೀಯತೆಯ ಅಳತೆ) ಹೆಚ್ಚು ಬದಲಾಗದ ದ್ರಾವಣ. ಬಿಎಸ್ಸಿಗೆ ಬಂದು ಪ್ರಯೋಗಾಲಯದಲ್ಲಿ ನಿಂತವರ ಪ್ರಶ್ನೆ ಇನ್ನೊಂದು: "ಲೆಕ್ಕದಲ್ಲಿ ಪಿಎಚ್ 5 ಬಂತು, ಮೀಟರ್ 4.9 ತೋರಿಸುತ್ತಿದೆ. ಎಲ್ಲಿ ತಪ್ಪಾಯಿತು?" ಎರಡಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ: 0.1 ಮೋಲಾರ್ (ಲೀಟರಿಗೆ 0.1 ಮೋಲ್) ಸಾರತೆಯ, ಪಿಎಚ್ 5.0 ಇರುವ ಅಸಿಟೇಟ್ ಬಫರ್, 500 ಮಿ.ಲೀ.

ಮುಂಚೆಯೇ ಒಂದು ಮಾತು. ಬಫರ್ ಲೆಕ್ಕದಲ್ಲಿ ಸೂತ್ರ ಎರಡನೆಯ ಕೆಲಸ. ಬೀಕರಿನಲ್ಲಿ ಯಾವ ವಸ್ತು ಎಷ್ಟು ಮೋಲ್ (ಅಣುಗಳನ್ನು ಎಣಿಸುವ ಮಾನ) ಉಳಿದಿದೆ ಎಂದು ಎಣಿಸುವುದು ಮೊದಲ ಕೆಲಸ. ಆ ಎಣಿಕೆ ಬಿಟ್ಟು ನೇರವಾಗಿ ಸೂತ್ರಕ್ಕೆ ಕೈಹಾಕುವುದರಿಂದಲೇ ಹೆಚ್ಚಿನ ಅಂಕಗಳು ಹೋಗುತ್ತವೆ.

ಮೊದಲು ಈ ಪದಗಳು ಗಟ್ಟಿಯಾಗಲಿ

ಪ್ರೋಟಾನ್ ಬಿಟ್ಟುಕೊಡುವ ವಸ್ತು ಆಮ್ಲ, ಅದನ್ನು ತೆಗೆದುಕೊಳ್ಳುವ ವಸ್ತು ಪ್ರತ್ಯಾಮ್ಲ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಬೇರೆಬೇರೆಯಾಗಿ ಕೊಟ್ಟ ಈ ವಿವರಣೆ ಬಫರ್‌ಗೆ ಸರಿಯಾಗಿ ಒಗ್ಗುತ್ತದೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲವನ್ನು ಕ್ಷಾರ ಎನ್ನುತ್ತೇವೆ. ಆಮ್ಲವೊಂದು ಪ್ರೋಟಾನ್ ಕಳೆದುಕೊಂಡ ಮೇಲೆ ಉಳಿಯುವುದು ಅದರ ಸಂಯುಗ್ಮ ಪ್ರತ್ಯಾಮ್ಲ. ಅಸಿಟಿಕ್ ಆಮ್ಲಕ್ಕೆ ಅಸಿಟೇಟ್ ಅಯಾನು ಅಂಥ ಜೋಡಿ.

ದುರ್ಬಲ ಆಮ್ಲ ಬೇರೆ, ಸಾರರಿಕ್ತ ಆಮ್ಲ ಬೇರೆ. ಇಲ್ಲಿ ಎಡವುವವರು ತುಂಬಾ ಜನ. ನೀರು ಹೆಚ್ಚಾಗಿ ಬೆರೆತಿದ್ದರೆ ಸಾರರಿಕ್ತ. ಅಣುಗಳಲ್ಲಿ ಕೆಲವಷ್ಟೇ ಪ್ರೋಟಾನ್ ಬಿಟ್ಟುಕೊಡುವುದಾದರೆ ದುರ್ಬಲ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಸುಮಾರು 1. ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದ ಪಿಎಚ್ 2.88, ಏಕೆಂದರೆ ಅದರಲ್ಲಿ ನೂರಕ್ಕೆ ಒಂದೂಕಾಲು ಅಣುವಿನಷ್ಟು ಮಾತ್ರ ಒಡೆದಿರುತ್ತದೆ. ಆದರೆ ಇವೆರಡರ 10 ಮಿ.ಲೀ. ತೆಗೆದುಕೊಂಡು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥಗೊಳಿಸಿ ನೋಡಿ, ಎರಡಕ್ಕೂ ಒಂದೇ ಪ್ರಮಾಣದ ಕ್ಷಾರ ಬೇಕಾಗುತ್ತದೆ. ದುರ್ಬಲ ಆಮ್ಲವು ತನ್ನ ಪ್ರೋಟಾನ್‌ಗಳನ್ನು ಹಿಡಿದಿಟ್ಟುಕೊಂಡಿರುತ್ತದೆ ಅಷ್ಟೇ. ಕ್ಷಾರ ಬಂದು ಕೇಳಿದರೆ ಎಲ್ಲವನ್ನೂ ಕೊಡುತ್ತದೆ. ಬಫರ್ ಕೆಲಸ ಮಾಡುವುದೇ ಈ ಹಿಡಿದಿಟ್ಟ ದಾಸ್ತಾನಿನಿಂದ.

ಪಿಎಚ್ ಎನ್ನುವುದು ಹೈಡ್ರೋಜನ್ ಅಯಾನಿನ ಸಾರತೆಯನ್ನು ಲಾಗರಿದಮ್‌ನಲ್ಲಿ ಹೇಳುವ ಅಳತೆ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸೆನ್ ಇದನ್ನು ಬಳಕೆಗೆ ತಂದರು. ಒಂದು ಅಂಕಿ ಇಳಿದರೆ ಸಾರತೆ ಹತ್ತು ಪಟ್ಟು ಏರಿದೆ ಎಂದರ್ಥ.

ಇನ್ನು ಪಿಕೆಎ. ಆಮ್ಲದ ಸರಿಯಾಗಿ ಅರ್ಧ ಭಾಗ ಸಂಯುಗ್ಮ ಪ್ರತ್ಯಾಮ್ಲವಾಗಿ ಬದಲಾಗಿರುವಾಗ ಇರುವ ಪಿಎಚ್ ಯಾವುದೋ ಅದೇ ಆ ಆಮ್ಲದ ಪಿಕೆಎ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಕ್ ಆಮ್ಲಕ್ಕೆ ಇದು 4.76. ಕೆಲವು ಪ್ರಶ್ನೆಪತ್ರಿಕೆಗಳಲ್ಲಿ 4.74 ಎಂದಿರುತ್ತದೆ, ಪ್ರಶ್ನೆಯಲ್ಲಿ ಕೊಟ್ಟ ಬೆಲೆಯನ್ನೇ ಬಳಸಿ.

ದುರ್ಬಲ ಆಮ್ಲವೂ ಅದರ ಸಂಯುಗ್ಮ ಪ್ರತ್ಯಾಮ್ಲವೂ ಸಾಕಷ್ಟು ಪ್ರಮಾಣದಲ್ಲಿ ಒಟ್ಟಿಗೆ ಇರುವ ದ್ರಾವಣವೇ ಬಫರ್. ಹೊರಗಿನಿಂದ ಆಮ್ಲ ಬಿದ್ದರೆ ಅಸಿಟೇಟ್ ಅದನ್ನು ಹಿಡಿಯುತ್ತದೆ, ಕ್ಷಾರ ಬಿದ್ದರೆ ಅಸಿಟಿಕ್ ಆಮ್ಲ ಅದನ್ನು ತಟಸ್ಥಗೊಳಿಸುತ್ತದೆ. ಪಿಎಚ್ ಬದಲಾಗುವುದೇ ಇಲ್ಲ ಎಂದು ಬರೆಯಬೇಡಿ. ಬದಲಾಗುತ್ತದೆ, ಆದರೆ ಸ್ವಲ್ಪ. ಎಷ್ಟು ಸ್ವಲ್ಪ ಎನ್ನುವುದನ್ನು ಏಳನೆಯ ಹಂತದಲ್ಲಿ ಅಳೆದೇ ನೋಡೋಣ.

ಬೇಕಾದ ಸೂತ್ರ ಒಂದೇ:

ಪಿಎಚ್ = ಪಿಕೆಎ + ಲಾಗ್ (ಪ್ರತ್ಯಾಮ್ಲದ ಮೋಲ್ ÷ ಆಮ್ಲದ ಮೋಲ್)

ಇದೇ ಹೆಂಡರ್ಸನ್–ಹ್ಯಾಸೆಲ್‌ಬಾಕ್ ಸಮೀಕರಣ. ಎರಡೂ ಒಂದೇ ದ್ರಾವಣದಲ್ಲಿ ಇರುವುದರಿಂದ ಗಾತ್ರ ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಹಾಗಾಗಿ ಮೋಲಾರಿಟಿಯ ಬದಲು ಮೋಲ್ ಹಾಕಿದರೆ ಸಾಕು.

ಹಂತ 1: ಜೋಡಿ ಆರಿಸಿಕೊಳ್ಳಿ

ನಿಮಗೆ ಬೇಕಾದ ಪಿಎಚ್, ಆಮ್ಲದ ಪಿಕೆಎಗೆ ಒಂದು ಅಂಕಿ ಮೇಲೆ ಅಥವಾ ಕೆಳಗೆ, ಅದರೊಳಗೇ ಇರಬೇಕು. ಹತ್ತಿರವಿದ್ದಷ್ಟೂ ಒಳ್ಳೆಯದು. ಪಿಎಚ್ 5ಕ್ಕೆ ಅಸಿಟೇಟ್ ಸರಿ. ಪಿಎಚ್ 7ರ ಆಸುಪಾಸಿಗೆ ಫಾಸ್ಫೇಟ್ (ಪಿಕೆಎ 7.20), 8ಕ್ಕೆ ಟ್ರಿಸ್ ಎಂಬ ಸಾವಯವ ಪ್ರತ್ಯಾಮ್ಲ (8.06), 9ಕ್ಕೆ ಅಮೋನಿಯ–ಅಮೋನಿಯಂ (9.25).

ಟ್ರಿಸ್ ಬಳಸುವವರು ಉಷ್ಣತೆಯನ್ನು ಗಮನಿಸಬೇಕು. ಪ್ರತಿ ಡಿಗ್ರಿಗೆ ಅದರ ಪಿಕೆಎ ಸುಮಾರು 0.028ರಷ್ಟು ಬದಲಾಗುತ್ತದೆ. 25 ಡಿಗ್ರಿಯಲ್ಲಿ 8.0ಕ್ಕೆ ಹೊಂದಿಸಿದ ಟ್ರಿಸ್ ಬಫರ್, 4 ಡಿಗ್ರಿಯ ಫ್ರಿಜ್‌ನಲ್ಲಿ 8.6ರ ಹತ್ತಿರ ಹೋಗಿರುತ್ತದೆ. ಅಸಿಟೇಟ್‌ಗೆ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಕಲಿಯಲು ಅದನ್ನೇ ಆರಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಜಾಣ ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆಯಿದೆ. ನಮ್ಮ ರಕ್ತದ ಪಿಎಚ್ 7.4, ಅಲ್ಲಿರುವ ಬೈಕಾರ್ಬನೇಟ್ ಬಫರ್‌ನ ಪಿಕೆಎ 6.1. ಒಂದು ಅಂಕಿಗಿಂತ ಹೆಚ್ಚು ಅಂತರವಿದ್ದರೂ ಅದು ಹೇಗೆ ನಡೆಯುತ್ತದೆ? ಬೈಕಾರ್ಬನೇಟ್ ಲೀಟರಿಗೆ ಸುಮಾರು 24 ಮಿಲಿಮೋಲ್, ಕರಗಿದ ಇಂಗಾಲದ ಡೈಆಕ್ಸೈಡ್ ಸುಮಾರು 1.2 ಮಿಲಿಮೋಲ್. ಅನುಪಾತ 20, ಅದರ ಲಾಗ್ 1.3, 6.1ಕ್ಕೆ ಕೂಡಿಸಿದರೆ 7.4. ಮುಚ್ಚಿದ ಬಾಟಲಿಯಲ್ಲಿ ಇಂಥ ಅನುಪಾತದ ಬಫರ್ ಆಮ್ಲದ ಎದುರು ಅಷ್ಟು ಚೆನ್ನಾಗಿ ನಿಲ್ಲುತ್ತಿರಲಿಲ್ಲ. ದೇಹ ಮುಚ್ಚಿದ ಬಾಟಲಿಯಲ್ಲ. ಆಮ್ಲ ಸೇರಿ ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಗೆ ಹಾಕುತ್ತಲೇ ಇರುತ್ತದೆ, ಬೈಕಾರ್ಬನೇಟನ್ನು ಮೂತ್ರಪಿಂಡ ನೋಡಿಕೊಳ್ಳುತ್ತದೆ. ಹೆಂಡರ್ಸನ್ ಮತ್ತು ಹ್ಯಾಸೆಲ್‌ಬಾಕ್ ಇಬ್ಬರೂ ತಲೆಕೆಡಿಸಿಕೊಂಡಿದ್ದು ರಕ್ತದ ಈ ಸಮತೋಲನದ ಬಗ್ಗೆಯೇ.

ಹಂತ 2: ಅನುಪಾತ, ಆಮೇಲೆ ಮೋಲ್

ಬೇಕಾದ ಪಿಎಚ್ 5.00, ಪಿಕೆಎ 4.76. ವ್ಯತ್ಯಾಸ 0.24. 10ರ ಘಾತ 0.24 ಎಂದರೆ 1.74. ಅಂದರೆ ಆಮ್ಲ ಒಂದು ಪಾಲು ಇದ್ದರೆ ಅಸಿಟೇಟ್ 1.74 ಪಾಲು.

ಒಟ್ಟು ಮೋಲ್: 0.1 × 0.5 = 0.05. ಇದನ್ನು 2.74 ಪಾಲು ಮಾಡಿ.

ಅಸಿಟಿಕ್ ಆಮ್ಲ = 0.05 ÷ 2.74 = 0.0183 ಮೋಲ್
ಅಸಿಟೇಟ್ = 0.05 − 0.0183 = 0.0317 ಮೋಲ್

ಎಚ್ಚರಿಕೆ: ಅನುಪಾತ ತಲೆಕೆಳಗಾಗಿಲ್ಲ ತಾನೇ ಎಂದು ಇಲ್ಲೇ ಪರೀಕ್ಷಿಸಿಕೊಳ್ಳಿ. ಬೇಕಾದ ಪಿಎಚ್ ಪಿಕೆಎಗಿಂತ ಹೆಚ್ಚಿದ್ದರೆ ಪ್ರತ್ಯಾಮ್ಲವೇ ಹೆಚ್ಚಿರಬೇಕು, ಕಡಿಮೆಯಿದ್ದರೆ ಆಮ್ಲ. ಈ ಒಂದು ನೋಟಕ್ಕೆ ಐದು ಸೆಕೆಂಡೂ ಬೇಡ.

ಅಮೋನಿಯ ಬಫರ್‌ಗೆ ಪಿಕೆಬಿ, ಪಿಒಎಚ್ (ಪಿಕೆಎ, ಪಿಎಚ್‌ಗಳಂತೆಯೇ ಪ್ರತ್ಯಾಮ್ಲದ ಕಡೆಯಿಂದ ಅಳೆಯುವ ಬೆಲೆಗಳು) ಎಂದು ಬೇರೆ ಸೂತ್ರವನ್ನು ಬಾಯಿಪಾಠ ಮಾಡುವವರಿದ್ದಾರೆ. ಕೊನೆಯಲ್ಲಿ 14ರಿಂದ ಕಳೆಯುವುದನ್ನು ಮರೆಯುವವರೂ ಅವರೇ. ಅಮೋನಿಯಂ ಅಯಾನನ್ನು ಆಮ್ಲ ಎಂದು, ಅಮೋನಿಯವನ್ನು ಅದರ ಪ್ರತ್ಯಾಮ್ಲ ಎಂದು ನೋಡಿ, ಪಿಕೆಎ 9.25 ಹಾಕಿ. ಮೇಲಿನ ಸೂತ್ರವೇ ನಡೆಯುತ್ತದೆ.

ಹಂತ 3: ಮೋಲನ್ನು ಗ್ರಾಂ ಮತ್ತು ಮಿ.ಲೀ.ಗೆ ಇಳಿಸಿ

ಮೊದಲು ಸೋಡಿಯಂ ಅಸಿಟೇಟ್. ಡಬ್ಬಿಯ ಲೇಬಲ್ ಓದದೆ ತೂಕಕ್ಕೆ ಇಳಿಯಬೇಡಿ. ಇದು ಎರಡು ರೂಪದಲ್ಲಿ ಸಿಗುತ್ತದೆ: ನೀರಿಲ್ಲದ ಅನ್‌ಹೈಡ್ರಸ್ (ಮೋಲಾರ್ ರಾಶಿ 82.03) ಮತ್ತು ಪ್ರತಿ ಅಣುವಿನ ಜೊತೆ ಮೂರು ನೀರಿನ ಅಣು ಇರುವ ಟ್ರೈಹೈಡ್ರೇಟ್ (136.08).

ಟ್ರೈಹೈಡ್ರೇಟ್ ಆದರೆ 0.0317 × 136.08 = 4.31 ಗ್ರಾಂ
ಅನ್‌ಹೈಡ್ರಸ್ ಆದರೆ 0.0317 × 82.03 = 2.60 ಗ್ರಾಂ

ಅನ್‌ಹೈಡ್ರಸ್ ಡಬ್ಬಿಯಿಂದ 4.31 ಗ್ರಾಂ ತೂಗಿದರೆ ಪಿಎಚ್ 5.2 ದಾಟುತ್ತದೆ. ಟ್ರೈಹೈಡ್ರೇಟ್ ಡಬ್ಬಿಯಿಂದ 2.60 ಗ್ರಾಂ ತೂಗಿದರೆ 4.8ರ ಹತ್ತಿರ ನಿಲ್ಲುತ್ತದೆ. ಆಮೇಲೆ ಕ್ಷಾರವನ್ನೋ ಆಮ್ಲವನ್ನೋ ಹಾಕಿ ಪಿಎಚ್ ಸರಿಮಾಡಬಹುದು, ಆದರೆ ಒಟ್ಟು ಸಾರತೆ 0.1 ಮೋಲಾರ್ ಆಗಿ ಉಳಿದಿರುವುದಿಲ್ಲ. ಮೀಟರ್ ಈ ತಪ್ಪನ್ನು ನಿಮಗೆ ತೋರಿಸುವುದಿಲ್ಲ.

ಇನ್ನು ಆಮ್ಲ. ಸಾರೀಕೃತ ಅಸಿಟಿಕ್ ಆಮ್ಲದ ಬಾಟಲಿಯ ಮೇಲೆ ಗ್ಲೇಶಿಯಲ್ ಎಂದಿರುತ್ತದೆ. ಅದು ಸುಮಾರು 17.4 ಮೋಲಾರ್. ನಮಗೆ ಬೇಕಾದ 0.0183 ಮೋಲ್ ಅದರಲ್ಲಿ ಬರೀ 1.05 ಮಿ.ಲೀ. ಇಷ್ಟು ಚಿಕ್ಕ ಗಾತ್ರ ಅಳೆಯುವಾಗ ಒಂದೆರಡು ಹನಿ ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಮೊದಲು 1 ಮೋಲಾರ್ ದ್ರಾವಣ ಮಾಡಿಕೊಳ್ಳಿ: 5.75 ಮಿ.ಲೀ. ಗ್ಲೇಶಿಯಲ್ ಆಮ್ಲವನ್ನು ಅರ್ಧ ನೀರಿರುವ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸೇರಿಸಿ, ಗೆರೆಯವರೆಗೆ 100 ಮಿ.ಲೀ. ಮಾಡಿ. ಅದರಿಂದ 18.3 ಮಿ.ಲೀ. ಬ್ಯುರೆಟ್‌ನಲ್ಲಿ ಬಿಟ್ಟುಕೊಂಡರಾಯಿತು.

ಗ್ಲೇಶಿಯಲ್ ಆಮ್ಲವನ್ನು ಫ್ಯೂಮ್ ಹುಡ್‌ನಲ್ಲೇ ತೆರೆಯಿರಿ. ಕೈಗವಸು, ಕನ್ನಡಕ ಕಡ್ಡಾಯ. ಅದು ಚರ್ಮ ಸುಡುತ್ತದೆ, ಆವಿ ಕಣ್ಣಿಗೆ ಹೊಡೆಯುತ್ತದೆ, ಬೆಂಕಿಯೂ ಹತ್ತಿಕೊಳ್ಳುತ್ತದೆ. ಯಾವಾಗಲೂ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರಲ್ಲ. ಬಾಯಿಯಿಂದ ಪಿಪೆಟ್ ಎಳೆಯುವ ಹಳೆಯ ಅಭ್ಯಾಸ ಎಲ್ಲಿಯಾದರೂ ಉಳಿದಿದ್ದರೆ ಇಂದೇ ನಿಲ್ಲಿಸಿ, ರಬ್ಬರ್ ಬಲ್ಬ್ ಬಳಸಿ. ಇನ್ನೊಂದು ಸಂಗತಿ: ಈ ಆಮ್ಲ 16.6 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯೊಳಗೆ ಗಾಜಿನಂಥ ಹರಳು ಕಂಡರೆ ಕೆಟ್ಟಿದೆ ಎಂದು ಎಸೆಯಬೇಡಿ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ. ಉರಿಯ ಹತ್ತಿರ ಒಯ್ಯಬೇಡಿ.

ಹಂತ 4: ಸೋಡಿಯಂ ಅಸಿಟೇಟ್ ಇಲ್ಲದಿದ್ದರೆ

ಪರೀಕ್ಷೆಯಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲೇ. ನಿಧಾನವಾಗಿ ಓದಿ.

ಬಫರ್ ಮಾಡಲು ಲವಣವೇ ಬೇಕೆಂದಿಲ್ಲ. ಅಸಿಟಿಕ್ ಆಮ್ಲಕ್ಕೆ ಅದಕ್ಕಿಂತ ಕಡಿಮೆ ಮೋಲ್‌ನ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ, ಹಾಕಿದಷ್ಟು ಆಮ್ಲ ಅಸಿಟೇಟ್ ಆಗುತ್ತದೆ, ಉಳಿದದ್ದು ಆಮ್ಲವಾಗಿಯೇ ಇರುತ್ತದೆ. ಎರಡೂ ಒಟ್ಟಿಗೆ ಇವೆ ಎಂದ ಮೇಲೆ ಬಫರ್ ಆಯಿತು. ಹಾಗೆಯೇ ಸೋಡಿಯಂ ಅಸಿಟೇಟ್‌ಗೆ ಅದಕ್ಕಿಂತ ಕಡಿಮೆ ಮೋಲ್‌ನ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೂ ಬಫರ್ ಸಿಗುತ್ತದೆ. "ಪ್ರಬಲ ಆಮ್ಲ ಇದೆ, ಹಾಗಾಗಿ ಬಫರ್ ಅಲ್ಲ" ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಬಾಟಲಿಯಿಂದ ಏನು ಸುರಿದಿರಿ ಎನ್ನುವುದು ಲೆಕ್ಕಕ್ಕಿಲ್ಲ, ಕ್ರಿಯೆ ಮುಗಿದ ಮೇಲೆ ಏನು ಉಳಿಯಿತು ಎನ್ನುವುದು ಲೆಕ್ಕಕ್ಕಿದೆ.

0.2 ಮೋಲಾರ್ ಅಸಿಟಿಕ್ ಆಮ್ಲ 50 ಮಿ.ಲೀ. ತೆಗೆದುಕೊಳ್ಳಿ. ಅದರಲ್ಲಿ 10 ಮಿಲಿಮೋಲ್ ಆಮ್ಲವಿದೆ. ಇದಕ್ಕೆ 0.2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಮೂರು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ನೋಡೋಣ.

30 ಮಿ.ಲೀ. ಹಾಕಿದರೆ: ಕ್ಷಾರ 6 ಮಿಲಿಮೋಲ್. ಅದೆಲ್ಲ ಮುಗಿದು ಅಸಿಟೇಟ್ 6, ಆಮ್ಲ 4 ಉಳಿಯುತ್ತವೆ. ಬಫರ್ ಇದೆ, ಸೂತ್ರ ಹಾಕಬಹುದು. ಪಿಎಚ್ = 4.76 + ಲಾಗ್ 1.5 = 4.94.

50 ಮಿ.ಲೀ. ಹಾಕಿದರೆ: ಆಮ್ಲ ಪೂರ್ತಿ ಮುಗಿಯಿತು. ಉಳಿದದ್ದು 100 ಮಿ.ಲೀ.ಯಲ್ಲಿ 10 ಮಿಲಿಮೋಲ್ ಅಸಿಟೇಟ್ ಮಾತ್ರ. ಜೋಡಿ ಇಲ್ಲ, ಬಫರ್ ಇಲ್ಲ, ಆ ಸೂತ್ರವೂ ಇಲ್ಲ. ಇದು ಲವಣದ ಜಲವಿಭಜನೆಯ (ಅಸಿಟೇಟ್ ನೀರಿನಿಂದ ಪ್ರೋಟಾನ್ ಎಳೆದುಕೊಳ್ಳುವುದರ) ಲೆಕ್ಕ: ಪಿಎಚ್ = 7 + ½ (4.76 + ಲಾಗ್ 0.1) = 8.88.

60 ಮಿ.ಲೀ. ಹಾಕಿದರೆ: ಕ್ಷಾರ 2 ಮಿಲಿಮೋಲ್ ಮಿಕ್ಕಿತು, ಒಟ್ಟು ಗಾತ್ರ 110 ಮಿ.ಲೀ. ಇಲ್ಲಿ ಮಿಕ್ಕ ಕ್ಷಾರವೇ ಪಿಎಚ್ ನಿರ್ಧರಿಸುತ್ತದೆ. ಸಾರತೆ 0.0182 ಮೋಲಾರ್, ಪಿಒಎಚ್ 1.74, ಪಿಎಚ್ 12.26.

ಮೂರೂ ಪ್ರಶ್ನೆಗಳು ಕಾಗದದ ಮೇಲೆ ಒಂದೇ ತರಹ ಕಾಣುತ್ತವೆ, ಉತ್ತರದ ದಾರಿ ಮೂರು. "ಮೊದಲು ಇದ್ದದ್ದು, ಕ್ರಿಯೆಯಲ್ಲಿ ಹೋದದ್ದು, ಕೊನೆಗೆ ಉಳಿದದ್ದು" ಎಂದು ಮೂರು ಸಾಲಿನ ಪಟ್ಟಿ ಹಾಕಿಕೊಂಡರೆ ಯಾವ ದಾರಿ ಹಿಡಿಯಬೇಕೆಂದು ಮೂರನೆಯ ಸಾಲೇ ಹೇಳುತ್ತದೆ.

ನಮ್ಮ 500 ಮಿ.ಲೀ. ಬಫರ್ ಈ ದಾರಿಯಲ್ಲಿ ಬೇಕಾದರೆ 1 ಮೋಲಾರ್ ಅಸಿಟಿಕ್ ಆಮ್ಲ 50 ಮಿ.ಲೀ., 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 31.7 ಮಿ.ಲೀ., ಉಳಿದದ್ದು ನೀರು. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತವೆ, ಹಾಗಾಗಿ ತೂಗಿ ಮಾಡಿದ ದ್ರಾವಣದ ಸಾರತೆಯನ್ನು ಪೂರ್ತಿ ನಂಬಬೇಡಿ.

ಹಂತ 5: ಮೀಟರ್ ಸಜ್ಜುಗೊಳಿಸಿ

ಬೇಕಾದ ಪಿಎಚ್‌ನ ಎರಡೂ ಬದಿಯ ಪ್ರಮಾಣಿತ ಬಫರ್‌ಗಳಿಂದ ಮೀಟರನ್ನು ಕ್ಯಾಲಿಬ್ರೇಟ್ ಮಾಡಿ, ಅಂದರೆ ಗೊತ್ತಿರುವ ಪಿಎಚ್‌ಗೆ ತಾಳೆ ಹಾಕಿ. ನಮಗೆ 5 ಬೇಕು, ಹಾಗಾಗಿ 4 ಮತ್ತು 7. ಪ್ರತಿ ಸಲ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಟಿಶ್ಯೂ ಕಾಗದದಿಂದ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ, ತುದಿಯ ಗಾಜು ಬಹಳ ತೆಳು. ಕೆಲಸ ಮುಗಿದ ಮೇಲೆ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿಡುವುದು ತಪ್ಪು. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಿ.

ಮೀಟರ್ ಇಲ್ಲದ ಶಾಲೆಗಳವರು ಅರಿಶಿನದ ಕಾಗದದಿಂದ ನೋಡಬಹುದೇ ಎಂದು ಕೇಳುತ್ತಾರೆ. ಆರತಿಯ ಓಕುಳಿಯಲ್ಲಿ ಸುಣ್ಣ ಬಿದ್ದೊಡನೆ ಅರಿಶಿನ ಕೆಂಪಾಗುವುದು ನಮಗೆಲ್ಲ ಗೊತ್ತು. ಆದರೆ ಆ ಬಣ್ಣ ತಿರುಗುವುದು ಪಿಎಚ್ 7.4 ದಾಟಿದ ಮೇಲೆ. 4 ಇರಲಿ, 5 ಇರಲಿ, 6 ಇರಲಿ, ಅರಿಶಿನ ಹಳದಿಯಾಗಿಯೇ ಇರುತ್ತದೆ. ಈ ಕೆಲಸಕ್ಕೆ ಕಡಿಮೆ ವ್ಯಾಪ್ತಿಯ ಪಿಎಚ್ ಕಾಗದವೇ ಬೇಕು.

ಹಂತ 6: ಬೆರೆಸಿ, ಪಿಎಚ್ ಹೊಂದಿಸಿ

600 ಮಿ.ಲೀ. ಬೀಕರಿನಲ್ಲಿ ಸುಮಾರು 400 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ. ತೂಗಿದ ಸೋಡಿಯಂ ಅಸಿಟೇಟ್ ಕರಗಿಸಿ, 18.3 ಮಿ.ಲೀ. ಆಮ್ಲ ಸೇರಿಸಿ, ಚೆನ್ನಾಗಿ ಕಲಕಿ. ಈಗಲೇ 500ಕ್ಕೆ ತುಂಬಬೇಡಿ. ಹೊಂದಿಸಲು ಹಾಕುವ ಹನಿಗಳಿಗೂ ಜಾಗ ಬೇಕು.

ಮೀಟರ್ ಇಳಿಸಿದರೆ 5.0 ಬರುವುದಿಲ್ಲ. 4.9ರ ಆಸುಪಾಸು ಬರುತ್ತದೆ. ತೂಕ, ಲೆಕ್ಕ, ಮೀಟರ್ ಎಲ್ಲವೂ ಸರಿಯಿದ್ದಾಗಲೂ ಹೀಗೇ ಬರುತ್ತದೆ. ಕಾರಣ ಇದು: 4.76 ಎನ್ನುವ ಪಿಕೆಎ, ಅಯಾನುಗಳು ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳದಷ್ಟು ತೆಳುವಾದ ದ್ರಾವಣಕ್ಕೆ ಸಂಬಂಧಿಸಿದ್ದು. ನಮ್ಮ ದ್ರಾವಣದಲ್ಲಿ ಸೋಡಿಯಂ ಮತ್ತು ಅಸಿಟೇಟ್ ಅಯಾನುಗಳು ತುಂಬಿಕೊಂಡಿವೆ. ಪ್ರತಿ ಅಸಿಟೇಟ್ ಅಯಾನಿನ ಸುತ್ತ ಧನ ಅಯಾನುಗಳು ಹೆಚ್ಚಾಗಿ ಸುಳಿದಾಡುವುದರಿಂದ ಅದು ತುಸು ಹೆಚ್ಚು ಸ್ಥಿರವಾಗುತ್ತದೆ, ಪ್ರೋಟಾನನ್ನು ಹಿಡಿಯುವ ಅದರ ಶಕ್ತಿ ತುಸು ಕುಗ್ಗುತ್ತದೆ. ಈ ಸಾರತೆಯಲ್ಲಿ ಪಿಕೆಎ ಸುಮಾರು 4.66 ಇದ್ದಂತೆ ವರ್ತಿಸುತ್ತದೆ. ನಿಮ್ಮ ಮೀಟರಿನಲ್ಲಿ ಕಾಣುವ 0.1ರ ಕೊರತೆ ಅದೇ. ಪಿಯುಸಿ ಲೆಕ್ಕದಲ್ಲಿ ಇದನ್ನು ಬಿಟ್ಟುಬಿಡುತ್ತೇವೆ, ಪ್ರಯೋಗಾಲಯದಲ್ಲಿ ಬಿಡಲಾಗದು.

1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕುತ್ತಾ, ಕಲಕುತ್ತಾ, ಅಂಕಿ ನಿಲ್ಲುವವರೆಗೆ ಕಾಯುತ್ತಾ 5.00ಕ್ಕೆ ತನ್ನಿ. ಎರಡೂವರೆಯಿಂದ ಮೂರು ಮಿ.ಲೀ. ಹಿಡಿಯಬಹುದು. 5 ಮಿ.ಲೀ. ಹಾಕಿದರೂ ಮುಟ್ಟದಿದ್ದರೆ ಹಂತ 3ಕ್ಕೆ ಹಿಂದಿರುಗಿ ಡಬ್ಬಿಯ ಲೇಬಲ್ ಇನ್ನೊಮ್ಮೆ ನೋಡಿ. ಇಲ್ಲಿ ಹಾಕುವ ಕ್ಷಾರ, ಆಮ್ಲವನ್ನು ಅಸಿಟೇಟ್ ಮಾಡುತ್ತದೆಯೇ ಹೊರತು ಅಸಿಟೇಟ್ ಮತ್ತು ಆಮ್ಲದ ಒಟ್ಟು ಮೊತ್ತವನ್ನು ಬದಲಿಸುವುದಿಲ್ಲ. ಹಾಗಾಗಿ 0.1 ಮೋಲಾರ್ ಎನ್ನುವುದು ಉಳಿಯುತ್ತದೆ. 5 ದಾಟಿಹೋದರೆ ಅಸಿಟಿಕ್ ಆಮ್ಲದಿಂದ ಹಿಂದೆ ತರಬಹುದು, ಆದರೆ ಆಗ ಒಟ್ಟು ಸಾರತೆ ತುಸು ಏರುತ್ತದೆ. ನಿಧಾನವೇ ಒಳ್ಳೆಯದು.

ಈಗ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸುರಿದು, ಬೀಕರ್ ತೊಳೆದ ನೀರನ್ನೂ ಸೇರಿಸಿ, 500ರ ಗೆರೆಗೆ ತನ್ನಿ.

ಹಂತ 7: ನಿಜಕ್ಕೂ ಬಫರ್ ಆಯಿತೇ?

ಎರಡು ಬೀಕರ್ ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ಬಫರ್ 100 ಮಿ.ಲೀ., ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್ 100 ಮಿ.ಲೀ. ಎರಡಕ್ಕೂ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿ. ನೀರಿನ ಪಿಎಚ್ 2ಕ್ಕೆ ಬೀಳುತ್ತದೆ. ಬಫರ್ 4.8ರಲ್ಲಿ ನಿಲ್ಲುತ್ತದೆ. ಇನ್ನೊಂದು, ಮತ್ತೊಂದು ಎಂದು ಹಾಕುತ್ತಾ ಹೋಗಿ. ಏಳನೆಯ ಮಿ.ಲೀ.ಯ ಹೊತ್ತಿಗೆ ಅಸಿಟೇಟ್ ಮುಗಿದು ಪಿಎಚ್ ಧಡಕ್ಕನೆ 3ರ ಕೆಳಗಿಳಿಯುತ್ತದೆ. ಬಫರ್ ಸಾಮರ್ಥ್ಯ ಎಂದರೆ ಏನೆಂದು ಈ ಒಂದು ಪ್ರಯೋಗ ತಿಳಿಸುವಷ್ಟು ಯಾವ ಪುಟವೂ ತಿಳಿಸದು. ಸಾಧ್ಯವಾದರೆ ದಯವಿಟ್ಟು ಮಾಡಿ ನೋಡಿ.

ಬಫರ್‌ಗೆ ನೀರು ಬೆರೆಸಿದರೆ ಅನುಪಾತ ಹಾಗೇ ಇರುವುದರಿಂದ ಪಿಎಚ್ ಹೆಚ್ಚು ಬದಲಾಗದು, ಸಾಮರ್ಥ್ಯ ಮಾತ್ರ ಇಳಿಯುತ್ತದೆ. ಹತ್ತು ಪಟ್ಟು ತೆಳುಮಾಡಿದರೆ ಸಾಮರ್ಥ್ಯವೂ ಹತ್ತರಲ್ಲೊಂದು. 1 ಮೋಲಾರ್ ದಾಸ್ತಾನು ಮಾಡಿಟ್ಟು ಬೇಕಾದಾಗ ತೆಳುಮಾಡಿಕೊಳ್ಳುವವರು, ಅಯಾನುಗಳ ಗುಂಪು ಚದುರಿದಂತೆ ಪಿಎಚ್ ತುಸು ಸರಿಯುತ್ತದೆ ಎನ್ನುವುದನ್ನು ನೆನಪಿಟ್ಟು, ತೆಳುಮಾಡಿದ ಮೇಲೆ ಇನ್ನೊಮ್ಮೆ ಮೀಟರ್ ಇಳಿಸಿ.

ಹಂತ 8: ಲೇಬಲ್ ಮತ್ತು ಸಂಗ್ರಹ

ಬಾಟಲಿಯ ಮೇಲೆ ಬಫರ್‌ನ ಹೆಸರು, ಒಟ್ಟು ಸಾರತೆ, ಪಿಎಚ್, ಅಳೆದಾಗಿನ ಉಷ್ಣತೆ, ಮಾಡಿದ ದಿನಾಂಕ, ನಿಮ್ಮ ಹೆಸರು ಬರೆಯಿರಿ. ಬರೀ "ಬಫರ್" ಎಂದು ಬರೆದ ಬಾಟಲಿಯನ್ನು ಯಾರೂ ಬಳಸಬಾರದು. ಅಸಿಟೇಟ್ ಸೂಕ್ಷ್ಮಜೀವಿಗಳಿಗೆ ಆಹಾರವೂ ಹೌದು, ಆದ್ದರಿಂದ ಫ್ರಿಜ್‌ನಲ್ಲಿಡಿ. ಬೆಳಕಿಗೆ ಹಿಡಿದು ನೋಡಿದಾಗ ಮಂಜಾಗಿದ್ದರೆ ಅಥವಾ ಎಳೆ ಎಳೆಯಾಗಿ ಏನಾದರೂ ತೇಲುತ್ತಿದ್ದರೆ ಸೋಸಿ ಉಳಿಸಿಕೊಳ್ಳಲು ಹೋಗದೆ ಚೆಲ್ಲಿ, ಹೊಸದು ಮಾಡಿ. ಬಳಸುವ ದಿನ ಬಾಟಲಿಗೆ ನೇರವಾಗಿ ಪಿಪೆಟ್ ಅದ್ದಬೇಡಿ. ಬೇಕಾದಷ್ಟನ್ನು ಚಿಕ್ಕ ಬೀಕರಿಗೆ ಬಗ್ಗಿಸಿಕೊಳ್ಳಿ, ಮಿಕ್ಕದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ.